ನಾಲ್ಕರವರೆಗೆ ಎಣಿಸಲು ಬಾರದ ಕೋಚ್

ಡುಬ್ರಾವಾದಲ್ಲಿ ನನ್ನಷ್ಟು ಬಾಯಿಬಡುಕ ಇನ್ನೊಬ್ಬನಿಲ್ಲ. ನಾನೇ ಹೇಳಿಕೊಂಡರೆ ಪರವಾಗಿಲ್ಲ, ಬೇರೆಯವರು ಹೇಳಿದರೆ ಜಗಳಕ್ಕೇ ಹೋಗುತ್ತೇನೆ. ನಲವತ್ತು ವರ್ಷದಿಂದ ಈ ಊರಿನ ತಲೆಗಳನ್ನು ಕತ್ತರಿಸುತ್ತಿದ್ದೇನೆ. ಸುಮ್ಮನಿರುವ ಕ್ಷೌರಿಕನ ಅಂಗಡಿಗೆ ಯಾರು ಬರುತ್ತಾರೆ ಹೇಳಿ. ಆದರೆ ಇಂಥ ಲೂಮಿರ್ ವಾವ್ರಾನಿಗೂ ದೇವರು ಒಂದು ಕಡಿವಾಣ ಹಾಕಿದ್ದಾನೆ. ನಮ್ಮ ಕಾಲೇಜಿನ ಮೈದಾನದಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಕಡೆಯ ಫುಟ್‌ಬಾಲ್ ನಡೆಯುವ ಶನಿವಾರ, ಆ ಮೂರು ಗಂಟೆ ಹೊತ್ತು, ನಾನು ತುಟಿಪಿಟಿಕ್ ಎನ್ನುವಂತಿಲ್ಲ.

ಯಾಕೆಂದರೆ ನಾನು ಕೋಲು ಹಿಡಿಯುವವನು. ಆಳೆತ್ತರದ ಕೋಲು, ತುದಿಯಲ್ಲಿ ಒಂದರಿಂದ ನಾಲ್ಕರವರೆಗೆ ತಿರುಗಿಸುವ ಅಂಕಿ. ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಸರದಿ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದಕ್ಕೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸಿಬಿಡುವುದು ವಾಡಿಕೆ. ಈಗ ಎಷ್ಟನೆಯ ಸರದಿ ಎಂದು ಇಡೀ ಮೈದಾನಕ್ಕೆ ತೋರಿಸುವುದು ನನ್ನ ಕೋಲು. ಅದನ್ನು ನೋಡಿಯೇ ದೊಡ್ಡ ಬೋರ್ಡಿನ ಮೇಲೆ ಅಂಕಿ ಹಾಕುತ್ತಾರೆ. ಕೋಲು ಹಿಡಿದವನು ಯಾರ ಕಡೆಯವನೂ ಅಲ್ಲ, ಚಪ್ಪಾಳೆ ತಟ್ಟಬಾರದು, ಬೈಯಬಾರದು. ಸಾಲದ್ದಕ್ಕೆ ನಾವು ನಿಲ್ಲಬೇಕಾದದ್ದು ಎದುರಾಳಿಗಳ ಕಡೆಯ ಅಂಚಿನಲ್ಲಿ. ಅವರು ನಮ್ಮ ಹುಡುಗರನ್ನು ಬಾಯಿಗೆ ಬಂದಂತೆ ಆಡಿಕೊಳ್ಳುವುದನ್ನು ಕಿವಿಯ ಪಕ್ಕದಲ್ಲೇ ಕೇಳುತ್ತಾ ಇಪ್ಪತ್ತೇಳು ವರ್ಷ ನಿಂತಿದ್ದೇನೆ. ನನಗಿಂತ ಮುಂಚೆ ಆ ಕೋಲು ನನ್ನ ಅಪ್ಪನ ಕೈಯಲ್ಲಿತ್ತು. ಅಪ್ಪ ಮೂಗನಂಥವನು, ಅವನಿಗೆ ಅದು ಕಷ್ಟವೇ ಆಗಿರಲಿಲ್ಲ.

ಅಕ್ಟೋಬರಿನ ಆ ಶನಿವಾರ ನಮ್ಮ ತಂಡ ಮೂರು ಅಂಕ ಹಿಂದಿತ್ತು, ಐದು ನಿಮಿಷ ಬಾಕಿ. ನಮ್ಮ ತಂಡದ ಹೆಸರು ಬಯಲುಕೋಳಿಗಳು. ನೂರು ವರ್ಷದ ಹಿಂದೆ ಯಾವ ಪುಣ್ಯಾತ್ಮ ಆ ಹೆಸರಿಟ್ಟನೋ, ಅಂದಿನಿಂದ ಬಂದುಹೋದವರೆಲ್ಲ ನಮ್ಮನ್ನು ಕುಕ್ಕುವುದೇ ಆಗಿದೆ. ನನ್ನ ಪಕ್ಕದಲ್ಲಿ ನಿಂತಿದ್ದ ಎದುರಾಳಿ ತಂಡದ ಒಬ್ಬ ದಢೂತಿ ಮನುಷ್ಯ, ನನಗೆ ಕೇಳಲೆಂದೇ, "ಈ ಕೋಳಿಗಳಿಗೆ ಒಂದ್ ಹಿಡಿ ಕಾಳು ಹಾಕಿ ಗೂಡಿಗೆ ಕಳಿಸ್ರೋ ಪಾಪ" ಎಂದ. ಅದೇ ಹೊತ್ತಿಗೆ ಮೈದಾನದಲ್ಲಿ ತೀರ್ಪುಗಾರ ಹಳದಿ ಬಟ್ಟೆ ಎಸೆದ. ಹಳದಿ ಬಟ್ಟೆ ಬಿತ್ತೆಂದರೆ ಯಾರೋ ತಪ್ಪು ಮಾಡಿದ್ದಾರೆ ಎಂದರ್ಥ. ಆ ಸಲದ್ದು ಲೆಕ್ಕಕ್ಕಿಲ್ಲ, ಅದೇ ಸರದಿಯನ್ನು ಮತ್ತೆ ಆಡಬೇಕು. ನಾನು ಅಂಕಿ ಮುಟ್ಟಬಾರದಿತ್ತು. ಆದರೆ ಆ ದಢೂತಿಗೆ ಕೊಡಬೇಕಾದ ಉತ್ತರವನ್ನು ಗಂಟಲಲ್ಲೇ ಒತ್ತಿ ಹಿಡಿದಿದ್ದೆ, ಮೈಯೆಲ್ಲ ಉರಿಯುತ್ತಿತ್ತು. ಬಾಯಿಗೆ ಬೀಗ ಹಾಕಿದರೆ ಕೈ ಮಾತಾಡುತ್ತದೆಯೇನೋ. ಹೆಬ್ಬೆರಳು ತನ್ನಷ್ಟಕ್ಕೆ ಎರಡನ್ನು ತಿರುಗಿಸಿ ಮೂರು ಮಾಡಿಬಿಟ್ಟಿತು. ಆ ಕ್ಷಣದಲ್ಲಿ ನನಗದು ಗೊತ್ತೇ ಆಗಲಿಲ್ಲ.

ಮುಂದಿನದಕ್ಕೆ ಕೋಲು ನಾಲ್ಕು ಎಂದಿತು, ಬೋರ್ಡೂ ನಾಲ್ಕು ಎಂದಿತು. ಬೆರಳಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಎಣಿಸುವ ತೀರ್ಪುಗಾರರೂ ತಲೆಯಾಡಿಸಿದರು. ಟೆಕ್ಸಸ್ ಕಡೆಯಿಂದ ಬಂದ ನಮ್ಮ ಕೋಚ್ ಡೆಂಟನ್ ಟೂಮಿ ಚೆಂಡನ್ನು ಒದೆಯಲು ಹೇಳಿದ. ಅದು ಮತ್ತೆ ನಮ್ಮ ಕೈಗೆ ಬರಲೇ ಇಲ್ಲ, ಸೋತೆವು.

ಭಾನುವಾರ ಬೆಳಿಗ್ಗೆ ಪತ್ರಿಕೆಯವನು ಆಟದ ಪಟ್ಟಿಯನ್ನು ಕೂತು ಎಣಿಸಿದ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು: ಟೂಮಿ ಮೂರನೆಯ ಸರದಿಗೇ ಚೆಂಡು ಒದೆಸಿದ್ದಾನೆ. ಕೈಯಲ್ಲಿ ಇನ್ನೊಂದು ಸರದಿ ಇಟ್ಟುಕೊಂಡು ಎದುರಾಳಿಗೆ ಕಾಣಿಕೆ ಕೊಟ್ಟಿದ್ದಾನೆ. ಬೋರ್ಡೂ ನಾಲ್ಕು ತೋರಿಸಿತ್ತಲ್ಲ ಎಂದು ಒಬ್ಬಿಬ್ಬರು ಹೇಳಿದರು. ಬೋರ್ಡು ತಿಂಗಳಿಗೊಮ್ಮೆ ಕೈಕೊಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ವಾವ್ರಾನ ಕೋಲು ತಪ್ಪಿರಬಹುದೆಂದು ಮಾತ್ರ ಯಾರ ಕನಸಿಗೂ ಬರಲಿಲ್ಲ. ನನ್ನ ಕನಸಿಗೂ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಚರ್ಚಿನ ನೆಲಮಾಳಿಗೆಯಲ್ಲಿ ತಂಡದ ಅಭಿಮಾನಿಗಳ ತಿಂಡಿ. ಇದು ನಮ್ಮಲ್ಲಿ ಅಜ್ಜಂದಿರ ಕಾಲದಿಂದ ಬಂದದ್ದು. ಕಾಫಿ, ಗಸಗಸೆ ತುಂಬಿದ ಕೊಲಾಚ್ ಎಂಬ ಸಿಹಿ ಬನ್ನು, ಆಮೇಲೆ ಕೋಚ್ ಬಂದು ಗೋಡೆಯ ಮೇಲೆ ಪಂದ್ಯದ ಚಿತ್ರ ಹಾಕಿ ಏನಾಯಿತೆಂದು ಹೇಳಬೇಕು, ನಾವು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಗೆದ್ದರೆ ಅದು ತಿಂಡಿ, ಸೋತರೆ ವಿಚಾರಣೆ. ಆ ದಿನ ವರ್ನ್ ಕುಚೆರಾ ಮೊದಲ ಸಾಲಿನಲ್ಲೇ ಕಾಲು ಚಾಚಿ ಕೂತಿದ್ದ. ವರ್ನ್ ಊರಿನ ಧಾನ್ಯದ ಉಗ್ರಾಣದ ಒಡೆಯ, ನನ್ನ ಜೊತೆ ಒಂದನೇ ತರಗತಿಯಿಂದ ಓದಿದವನು. ಬಾಯಲ್ಲಿ ನನ್ನನ್ನು ಮೀರಿಸುವವನು ಯಾರಾದರೂ ಇದ್ದರೆ ಅವನೇ.

"ಕೋಚ್, ಟೆಕ್ಸಸ್‌ನಲ್ಲಿ ಮೂರಾದ್ಮೇಲೆ ಎಷ್ಟು ಬರುತ್ತೆ?" ಎಂದ ವರ್ನ್.

ಎಲ್ಲರೂ ನಕ್ಕರು. ನಾನೂ ನಕ್ಕೆ, ಜೋರಾಗಿಯೇ. ಟೂಮಿ ಮೂರು ವರ್ಷದಲ್ಲಿ ಮೂರು ಮತ್ತೊಂದು ಪಂದ್ಯ ಗೆದ್ದವನು, ಅವನನ್ನು ಕಳಿಸಿಬಿಡಬೇಕು ಎಂದು ನನ್ನ ಅಂಗಡಿಯಲ್ಲಿ ಎಲ್ಲರಿಗಿಂತ ಮೊದಲು ಕೂಗಾಡಿದವನು ನಾನೇ.

ಟೂಮಿ ಚಿತ್ರ ಓಡಿಸಿದ. ಎಲ್ಲರ ಕಣ್ಣು ಚೆಂಡಿನ ಮೇಲೆ. ನನ್ನದೊಂದು ಚಟ, ಇಷ್ಟು ವರ್ಷದಿಂದ ಯಾರಿಗೂ ಹೇಳಿದ್ದಿಲ್ಲ: ಪಂದ್ಯದ ಚಿತ್ರದಲ್ಲಿ ನಾನು ನೋಡುವುದು ನನ್ನನ್ನೇ. ಗೋಡೆಯ ಮೂಲೆಯಲ್ಲಿ, ಆಚೆ ಅಂಚಿನಲ್ಲಿ, ಕೆಂಪು ಟೋಪಿಯ ಚಿಕ್ಕ ವಾವ್ರಾ. ಹಳದಿ ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಚಿಕ್ಕ ವಾವ್ರಾ ಕೈ ಎತ್ತಿ ಅಂಕಿ ತಿರುಗಿಸಿದ.

ಕಚ್ಚಿದ ಕೊಲಾಚನ್ನು ತಟ್ಟೆಗಿಟ್ಟೆ. ಟೂಮಿ ಅದೇ ಜಾಗದಲ್ಲಿ ಚಿತ್ರ ನಿಲ್ಲಿಸಿದ. ಅವನ ಕೈಯ ಕೆಂಪು ಬೆಳಕಿನ ಚುಕ್ಕೆ ಚೆಂಡಿನಿಂದ ಮೇಲಕ್ಕೆ ಹೋಯಿತು, ನನ್ನ ಟೋಪಿಯ ಹತ್ತಿರ ಒಂದು ಗಳಿಗೆ ನಿಂತಿತು, ಮತ್ತೆ ಕೆಳಗಿಳಿಯಿತು.

"ನಾನು ಎಣಿಸ್ಲಿಲ್ಲ ಸರ್. ತಪ್ಪು ನಂದೇ" ಎಂದ ಅವನು ವರ್ನ್‌ಗೆ. ಅಷ್ಟೇ ಹೇಳಿ ಮುಂದಿನ ಚಿತ್ರಕ್ಕೆ ಹೋದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು, ಆ ನೆಲ ನಾಲ್ಕನೇ ಸಾಲಿನಲ್ಲಿ ಕಾಫಿ ಹಿಡಿದು ಕೂತಿತ್ತು, ಅದು ಅವನಿಗೆ ಗೊತ್ತಿತ್ತು. ಆದರೂ ಅನ್ನಲಿಲ್ಲ. ನಾನಾದರೂ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಕೋಲು ಹೋಗುತ್ತದೆ, ಅಪ್ಪನ ಹೆಸರು ಹೋಗುತ್ತದೆ, ನಾಳೆಯಿಂದ ಅಂಗಡಿಯಲ್ಲಿ ನನ್ನದೇ ಕುರ್ಚಿಯಲ್ಲಿ ಕೂತು ನನ್ನನ್ನೇ ಆಡಿಕೊಳ್ಳುತ್ತಾರೆ. ಹೀಗೆಲ್ಲ ಯೋಚಿಸಿ ಬಾಯಿ ಮುಚ್ಚಿಕೊಂಡೆ. ನಾಚಿಕೆಗೇಡು.

ಆಮೇಲಿನ ಪಂದ್ಯದಿಂದ ಟೂಮಿ ಒಂದು ಹೊಸ ಅಭ್ಯಾಸ ಹಚ್ಚಿಕೊಂಡ. ಪ್ರತಿ ಸರದಿಗೂ ಮೈದಾನದ ಆಚೆ ಬದಿಯಲ್ಲಿ ಕೈ ತಲೆಯ ಮೇಲೆತ್ತಿ ಬೆರಳು ತೋರಿಸುವುದು. ಒಂದು. ಎರಡು. ಮೂರು. ಸರಿಯಾಗಿ ನನ್ನ ಎದುರಿಗೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಪಾಡು ನನ್ನದು. ನನ್ನನ್ನೇ ಚುಚ್ಚುತ್ತಿದ್ದಾನೆ, ಮುದುಕಾ ಎಣಿಸುವುದು ಹೀಗೆ ಎನ್ನುತ್ತಿದ್ದಾನೆ ಎಂದುಕೊಂಡು ಹಲ್ಲು ಕಡಿದೆ. ತಪ್ಪು ಮಾಡಿದವನು ನಾನು, ಸಿಟ್ಟು ಅವನ ಮೇಲೆ. ಮನುಷ್ಯನ ಬುದ್ಧಿ.

ಈ ನಡುವೆ ಕಾಲೇಜಿನ ಅಧ್ಯಕ್ಷೆ ಜೋಆನ್ ಬ್ರಾಂಟ್ ನಾನು, ವರ್ನ್ ಎಲ್ಲ ಇರುವ ಅಭಿಮಾನಿಗಳ ಸಮಿತಿಗೆ ಹೇಳಿ ಕಳಿಸಿದರು: ಕೊನೆಯ ಪಂದ್ಯದ ಮರುಸೋಮವಾರ ನೀವು ಏಳು ಜನ ಕೈ ಎತ್ತಿ ತಿಳಿಸಿ, ಟೂಮಿಗೆ ಇನ್ನೂ ಸಮಯ ಕೊಡೋಣವೋ, ಬೇರೆಯವರನ್ನು ಹುಡುಕೋಣವೋ, ನೀವು ಹೇಳಿದಂತೆ ಮಾಡುತ್ತೇನೆ. ವರ್ನ್ ಮರುದಿನವೇ ಅಂಗಡಿಗೆ ಬಂದ. ಇರುವ ನಾಲ್ಕು ಕೂದಲನ್ನು ಸಣ್ಣ ಮಾಡಿಸಿಕೊಳ್ಳುವುದು ನೆಪ.

"ಮೂರು ಜನ ಕಳಿಸಿ ಅಂತಾರೆ, ಮೂರು ಜನ ಇಟ್ಕೊಳ್ಳಿ ಅಂತಾರೆ. ಏಳನೇ ಕೈ ನಿಂದು ಕಣೋ ಲೂಮಿರ್" ಎಂದ. "ನಿನ್ ಬಗ್ಗೆ ನಂಗೆ ಚಿಂತೆ ಇಲ್ಲ ಬಿಡು. ನಾಲ್ಕರ ತನಕ ಎಣಿಸೋಕ್ ಬರ್ದೇ ಇರೋನ್ನ ಇಟ್ಕೊಂಡು ಏನ್ ಮಾಡೋದು, ಉಪ್ಪಿನಕಾಯಿ ಹಾಕೋದಾ?"

"ಕತ್ತು ಅಲ್ಲಾಡಿಸ್ಬೇಡ" ಎಂದೆ. ವರ್ನ್ ಕನ್ನಡಿಯಲ್ಲಿ ನನ್ನನ್ನು ವಿಚಿತ್ರವಾಗಿ ನೋಡಿದ.

ಆ ದಿನಗಳಲ್ಲಿ ನನ್ನ ಅಂಗಡಿಯನ್ನೇ ಹೊಸದಾಗಿ ನೋಡತೊಡಗಿದೆ. ಹಳೆಯ ಕೋಚ್ ಇದ್ದಾಗ ಚೆಂಡು ಕೈಬಿಟ್ಟು ಸೋಲಿಸಿದ ಹುಡುಗ ಕ್ಷೌರಕ್ಕೆ ಒಬ್ಬನೇ ಬರುತ್ತಿದ್ದ, ಮಂಗಳವಾರ ಮಧ್ಯಾಹ್ನ, ಅಂಗಡಿ ಖಾಲಿ ಇರುವ ಹೊತ್ತು ನೋಡಿಕೊಂಡು. ಜೊತೆಯವರು ಅವನ ಪಕ್ಕ ಊಟಕ್ಕೂ ಕೂರುತ್ತಿರಲಿಲ್ಲವಂತೆ. ಈ ವರ್ಷ ನವೆಂಬರಿನಲ್ಲಿ ಹಾಗೆ ಚೆಂಡು ಕೈಬಿಟ್ಟವನೊಬ್ಬನನ್ನು ಐದು ಜನ ದಢೂತಿ ಹುಡುಗರು ಎಳೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದರು. "ಇವ್ನ ಕೈಗೂ ಒಸಿ ಕ್ಷೌರ ಮಾಡಿ ಸರ್, ನುಣ್ಣಗಾಗ್ಬಿಟ್ಟಿದೆ, ಚೆಂಡು ಜಾರುತ್ತೆ" ಎಂದು ಗೇಲಿ ಮಾಡಿದರು, ಅವನೂ ನಕ್ಕ. ಟೂಮಿ ಬಂದ ವರ್ಷ ಅರ್ಧ ತಂಡ ಬಿಟ್ಟುಹೋಗಿತ್ತು. ಈ ವರ್ಷ ಒಬ್ಬನೂ ಹೋಗಿಲ್ಲ. ಮೊದಲು ನಲವತ್ತು ಅಂಕದಿಂದ ಸೋಲುತ್ತಿದ್ದೆವು, ಈಗ ಮೂರು, ಆರು. ಇದೆಲ್ಲ ನನ್ನ ಕಣ್ಣೆದುರಿಗೇ ನಡೆದಿತ್ತು. ನಾನು ಮಾತಾಡುವುದರಲ್ಲೇ ಮುಳುಗಿದ್ದವನು, ನೋಡಿರಲಿಲ್ಲ.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ. ಹಿಮ ಉದುರುವಂತಿದ್ದ ಮಧ್ಯಾಹ್ನ, ಬೆರಳು ಸೆಟೆದುಕೊಂಡಿದ್ದವು. ಒಂದು ಅಂಕ ಮುಂದಿದ್ದೆವು. ಕೊನೆಯ ಭಾಗದಲ್ಲಿ ಮತ್ತೆ ಹಳದಿ ಬಟ್ಟೆ ಬಿತ್ತು, ಮತ್ತೆ ಎರಡನೆಯ ಸರದಿ. ತೀರ್ಪುಗಾರರು ಒಟ್ಟುಗೂಡಿ ಏನೋ ಮಾತಾಡಿಕೊಂಡರು. ನನ್ನ ತಲೆಯಲ್ಲಿ ನಾಲ್ಕು ವಾರದ ಗಲಿಬಿಲಿ, ಎಷ್ಟನೆಯದು ಎನ್ನುವುದೇ ಮರೆತುಹೋಯಿತು. ಹೆಬ್ಬೆರಳು ಅಂಕಿಯ ಮೇಲೆ ಹೋಗಿತ್ತು. ತಲೆ ಎತ್ತಿ ಆಚೆ ನೋಡಿದೆ. ಟೂಮಿಯ ಕೈ ಮೇಲಿತ್ತು, ಎರಡು ಬೆರಳು. ನಾನು ಅಂಕಿ ಬಿಟ್ಟೆ.

ಅವನು ನನ್ನತ್ತ ನೋಡುತ್ತಲೂ ಇರಲಿಲ್ಲ. ನನ್ನನ್ನು ಚುಚ್ಚಲು ಎತ್ತಿದ ಬೆರಳಲ್ಲ ಅವು. ಅಂದು ಎಣಿಸಲಿಲ್ಲ, ಇಂದಿನಿಂದ ಎಣಿಸುತ್ತೇನೆ ಎಂದು ತನಗೆ ತಾನೇ ಹಾಕಿಕೊಂಡ ಕೆಲಸ. ನನಗೆ ಅಳು ಬಂದಂತಾಯಿತು. ಚಳಿಗೆ ಕಣ್ಣಲ್ಲಿ ನೀರು ಬರುತ್ತದೆ ಎಂದು ಪಕ್ಕದವನಿಗೆ ಹೇಳೋಣವೆಂದರೆ ಮಾತಾಡುವಂತಿಲ್ಲ.

ಕೊನೆಯ ಗಳಿಗೆಯಲ್ಲಿ ಎದುರಾಳಿಗಳು ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ತೆಗೆದುಕೊಂಡರು. ಎರಡು ಅಂಕದಿಂದ ಸೋತೆವು. ಗೆದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಗೆಲುವಿನ ಹಿಂದೆ ಅಡಗಿಕೊಂಡುಬಿಡುತ್ತಿದ್ದೆ.

ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ನನ್ನ ಹೆಂಡತಿ ಆರ್ಲೀನ್‌ಗೆ ಎಲ್ಲ ಹೇಳಿದೆ. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಲೇ ಕೇಳಿಸಿಕೊಂಡಳು.

"ಅಬ್ಬ, ಇಷ್ಟೇನಾ" ಎಂದಳು. "ನಾಲ್ಕು ವಾರದಿಂದ ನೀನು ಬಾಯ್ ಮುಚ್ಕೊಂಡಿದೀಯ. ಕಾಯಿಲೆ ಏನೋ ಅಂತ ನಾನು ಡಾಕ್ಟರ್‌ಗೆ ಫೋನ್ ಮಾಡಿದೀನಿ. ಬುಧವಾರ ಬನ್ನಿ ಅಂದಿದಾರೆ."

"ತಮಾಷೆ ಅಲ್ಲ ಆರ್ಲೀನ್."

"ತಮಾಷೆ ಯಾರ್ ಮಾಡ್ತಿದಾರೆ? ಅತ್ತೆ ಒಡೆದ್ರೆ ಹಳೇ ಮಡಕೆ, ಸೊಸೆ ಒಡೆದ್ರೆ ಹೊಸಾ ಮಡಕೆ. ಆ ಕೋಚ್ ಹೊರಗಿಂದ ಬಂದೋನು, ಅವನ ತಲೆ ಮೇಲೆ ಹಾಕೋದು ಸುಲಭ. ಅವನ ಮಗಳು ನನ್ನ ಲೈಬ್ರರಿಗೆ ಬರ್ತಾಳೆ, ಗೊತ್ತಾ? ಇದು ಅವಳಿಗೆ ಐದನೇ ಸ್ಕೂಲು. ಪುಸ್ತಕ ಕೊಡುವಾಗ್ಲೆಲ್ಲ ಕೇಳ್ತಾಳೆ, ಊರು ಬಿಟ್ರೆ ಕಾರ್ಡ್ ವಾಪಸ್ ಕೊಡಬೇಕಾ ಅಂತ." ಅವಳು ಚಾಕು ಕೆಳಗಿಟ್ಟಳು. "ನಿಜ ಹೇಳೋ ಒಂದೇ ಒಂದ್ ಮಾತಿಗೆ ನಿಂಗೆ ನಾಲ್ಕು ವಾರ ಬೇಕಾಯ್ತು, ಅದೂ ಮನೇಲಿ ಹೇಳೋಕೆ. ಮುರಿದುಬಿದ್ದ ತಂಡ ಎತ್ತಿ ನಿಲ್ಸೋಕೆ ಅವನಿಗೆ ಮೂರು ವರ್ಷ ಸಾಕು ಅಂತ ನೀನೇ ಊರೆಲ್ಲ ಕೂಗ್ತಿದ್ದೆ."

ಅವಳು ಕೆಳಗಿಟ್ಟ ಚಾಕು ತೆಗೆದುಕೊಂಡು ಉಳಿದ ಆಲೂಗಡ್ಡೆಯ ಸಿಪ್ಪೆ ನಾನೇ ತೆಗೆದೆ.

ಸೋಮವಾರ ನೆಲಮಾಳಿಗೆ ತುಂಬಿತ್ತು. ಅಧ್ಯಕ್ಷೆ ಬ್ರಾಂಟ್ ಕೂಡ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಟೂಮಿ ಶನಿವಾರದ ಚಿತ್ರ ತೋರಿಸಿ ಮುಗಿಸಿದ. ಇಸ್ತ್ರಿ ಮಾಡಿದ ಅಂಗಿ, ಕಣ್ಣು ಕೆಂಪಗಿತ್ತು. ಅವನು ಹೊರಗೆ ಹೋಗಬೇಕು, ಆಮೇಲೆ ನಾವು ಕೈ ಎತ್ತಬೇಕು. ನಾನು ಎದ್ದು ನಿಂತೆ.

"ಕೋಚ್, ಸ್ವಲ್ಪ ಕೂತ್ಕೊಳ್ಳಿ. ಅಕ್ಟೋಬರಿನ ಆ ಪಂದ್ಯದ ಚಿತ್ರ ಹಾಕಿ. ಐದು ನಿಮಿಷ ಬಾಕಿ ಇದ್ದದ್ದು."

"ಬೇಡ ಬಿಡಿ ಸರ್" ಎಂದ ಟೂಮಿ ಮೆಲ್ಲಗೆ.

"ಹಾಕ್ರೀ ಅಂದೆ."

ಹಾಕಿದ. "ಎಲ್ರೂ ಚೆಂಡು ಬಿಟ್ಟು ಆ ಮೂಲೇಲಿರೋ ಕೆಂಪು ಟೋಪಿ ನೋಡಿ" ಎಂದೆ. ಹಳದಿ ಬಟ್ಟೆ ಬಿತ್ತು. ಚಿಕ್ಕ ವಾವ್ರಾ ಕೈ ಎತ್ತಿ ಅಂಕಿ ತಿರುಗಿಸಿದ. "ಅದು ನಾನು. ನಾಲ್ಕರ ತನಕ ಎಣಿಸೋಕ್ ಬರದೇ ಇರೋನು ನಾನು. ಕೋಚ್‌ಗೆ ಇದು ಮೊದಲನೇ ದಿನಾನೇ ಗೊತ್ತಿತ್ತು. ನಂಗೂ ಆವತ್ತೇ ಗೊತ್ತಾಯ್ತು. ಅವರು ನನ್ನ ಹೆಸರು ಎತ್ತಲಿಲ್ಲ, ನಾನೂ ಎತ್ತಲಿಲ್ಲ."

ವರ್ನ್ ಮೆಲ್ಲನೆ ತಿರುಗಿದ. "ಲೋ, ಅವತ್ತು ನಿನ್ ಹತ್ರ ಕೂತು ಅಷ್ಟ್ ಹೊತ್ತು ಮಾತಾಡಿದ್ನಲ್ಲೋ. ಕತ್ತರಿ ಕೈಯಲ್ಲಿ ಹಿಡ್ಕೊಂಡು ಸುಮ್ನೆ ನಿಂತಿದ್ಯಲ್ಲೋ."

"ಹೌದು ಕಣೋ."

ಬ್ರಾಂಟ್ ಟೂಮಿಯನ್ನು ಕೇಳಿದರು. "ನೀವ್ಯಾಕೆ ಹೇಳ್ಲಿಲ್ಲ?"

ಟೂಮಿ ಕತ್ತಿನ ಹಿಂಭಾಗ ತುರಿಸಿಕೊಂಡ. "ಕೋಲು ತಪ್ಪಿತ್ತು, ಸರಿ ಮೇಡಂ. ಆದ್ರೆ ನಮ್ ಕಡೆ ನಾನು, ನಾಲ್ಕು ಜನ ಸಹಾಯಕರು, ಎಪ್ಪತ್ತು ಹುಡುಗರು. ಒಬ್ರೂ ಎಣಿಸ್ಲಿಲ್ಲ. ಅದು ನನ್ ಕೆಲ್ಸ ತಾನೆ. ಮಿಸ್ಟರ್ ವಾವ್ರಾ ಬಗ್ಗೆ ಏನಾದ್ರೂ ಅಂದಿದ್ರೆ, ನಮ್ ಹುಡುಗರು ಕ್ಷೌರಕ್ಕೆ ಅವರ ಅಂಗಡಿಗೆ ಹೋಗೋದು ಹೇಗೆ? ಬೇರೆ ಕಡೆ ಹೋದ್ರೆ ಇಪ್ಪತ್ತು ಮೈಲಿ."

ಯಾರೋ ನಕ್ಕರು, ಆಮೇಲೆ ಇನ್ನೂ ಕೆಲವರು. ಟೂಮಿ ಹೊರಗೆ ಹೋದ. ಅಂಗಡಿಯಲ್ಲಿ ನೋಡಿದ್ದನ್ನೆಲ್ಲ, ಒಬ್ಬನೇ ಬರುತ್ತಿದ್ದ ಹುಡುಗನನ್ನೂ ಐವರು ಎಳೆದು ತಂದ ಹುಡುಗನನ್ನೂ ನಾನು ಸಮಿತಿಗೆ ಹೇಳಿದೆ. ಅವನು ಪಂದ್ಯ ಗೆಲ್ಲುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಗೆಲ್ಲುವ ತಂಡ ಹೀಗೇ ಇರುತ್ತದೆ ಎಂದೆ. ಇನ್ನೆರಡು ವರ್ಷ ಇಟ್ಟುಕೊಳ್ಳೋಣ ಎನ್ನುವುದಕ್ಕೆ ಐದು ಕೈ ಮೇಲೆದ್ದವು. ವರ್ನ್ ಎತ್ತಲಿಲ್ಲ. "ಎರಡು ವರ್ಷ ಕೊಡ್ತೀರಾ, ಕೊಡಿ. ನಾನು ಈಗ್ಲೂ ಬೇಡ ಅಂತೀನಿ" ಎಂದ. "ಮತ್ತೆ ಆ ಕೋಲಿನ ಕಥೆ ಏನು? ಲೂಮಿರ್ ಅದನ್ನ ಕೆಳಗಿಡಬೇಕು."

"ಇಟ್ಟಾಯ್ತು" ಎಂದೆ. ಅಪ್ಪ ಹಿಡಿದಿದ್ದ ಕೋಲು, ದುಃಖವಾಯಿತು, ಸುಳ್ಳೇಕೆ. "ಹತ್ತು ಗಜ ಅಳೆಯೋ ಸರಪಳಿ ಹಿಡಿಯೋಕೆ ಒಂದು ಜಾಗ ಕೊಟ್ರೆ ಸಾಕು. ಅದರಲ್ಲಿ ಅಂಕಿ ಇಲ್ಲ."

ಬ್ರಾಂಟ್ ಕನ್ನಡಕ ತೆಗೆದರು. "ಹಾಗಾದ್ರೆ ಕೋಲಿಗೆ ಒಬ್ರು ಬೇಕಲ್ಲ. ವರ್ನ್, ನಿಮಗೆ ನಾಲ್ಕರವರೆಗೆ ಎಣಿಸೋಕ್ ಬರುತ್ತೆ ಅಂತ ಇಡೀ ಊರಿಗೆ ಗೊತ್ತು."

ನೆಲಮಾಳಿಗೆ ಬಿರಿಯುವಂತೆ ನಕ್ಕಿತು. ವರ್ನ್ ಚಾಚಿದ್ದ ಕಾಲನ್ನು ಒಳಗೆಳೆದುಕೊಂಡ. ಮೂರು ಗಂಟೆ, ಎದುರಾಳಿಗಳ ನಡುವೆ, ತುಟಿಪಿಟಿಕ್ ಎನ್ನದೆ. ಅದನ್ನು ನೆನೆದೇ ನನಗೆ ಅರ್ಧ ದುಃಖ ಇಳಿಯಿತು.

ಟೂಮಿ ಹೊರಗೆ ಕೋಟುಗಳು ನೇತುಹಾಕಿದ ಗೋಡೆಗೆ ಒರಗಿ ನಿಂತಿದ್ದ, ಕೈಯಲ್ಲಿ ಆರಿದ ಕಾಫಿ. ಬ್ರಾಂಟ್ ವಿಷಯ ಹೇಳಿದರು. ಅವನು ಉಸಿರು ಬಿಟ್ಟ ರೀತಿಗೆ ಹಿಂದಿದ್ದ ಎರಡು ಕೋಟು ಕೆಳಗೆ ಬಿದ್ದವು. "ಮಗಳು ಇದೇ ಸ್ಕೂಲಲ್ಲಿ ಓದು ಮುಗಿಸಬಹುದು" ಎಂದ, ನಮಗಲ್ಲ, ಕಾಫಿ ಲೋಟಕ್ಕೆ ಹೇಳುವಂತೆ. ಆಮೇಲೆ ಬಗ್ಗಿ ಕೋಟುಗಳನ್ನು ಎತ್ತಿ ಧೂಳು ಕೊಡವಿ ಮತ್ತೆ ನೇತುಹಾಕಿದ. ನಾನು ಮೆಟ್ಟಿಲು ಹತ್ತಿ ಹೊರಗೆ ಬಂದು ಚರ್ಚಿನ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತೆ. ನಾಲ್ಕು ವಾರದಿಂದ ಕಟ್ಟಿದ್ದ ಉಸಿರು ಸರಾಗವಾಗಿ ಆಡಿತು. ಜೋರು ಹಸಿವಾಯಿತು, ವಾಪಸ್ಸು ಹೋಗಿ ಎರಡು ಕೊಲಾಚ್ ತಿಂದೆ.

ಬುಧವಾರದ ಡಾಕ್ಟರನ್ನು ಆರ್ಲೀನ್ ಬೇಡವೆಂದಳು. ಮಂಗಳವಾರ ಮಧ್ಯಾಹ್ನ, ಅಂಗಡಿ ಖಾಲಿ ಇರುವ ಹೊತ್ತು, ಟೂಮಿ ಬಾಗಿಲು ತಳ್ಳಿಕೊಂಡು ಬಂದ. ಮೂರು ವರ್ಷದಲ್ಲಿ ಮೊದಲ ಸಲ. ಅಲ್ಲಿಯವರೆಗೆ ಅವನ ಹೆಂಡತಿಯೇ ಮನೆಯಲ್ಲಿ ಕತ್ತರಿಸುತ್ತಿದ್ದಳು. ಪದೇ ಪದೇ ಊರು ಬದಲಾಯಿಸುವವರು ಹೊಸ ಕ್ಷೌರಿಕನನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸಿದೆ. ಪಾಪ, ಆ ಹೆಂಗಸಿಗೆ ಕತ್ತರಿ ಹಿಡಿಯಲು ಬರುವುದಿಲ್ಲ, ಹಿಂದೆಲ್ಲ ಮೆಟ್ಟಿಲು ಮೆಟ್ಟಿಲು. ಐದು ನಿಮಿಷ ಕಳೆಯಿತು, ನನಗೆ ಮಾತೇ ಹೊರಡಲಿಲ್ಲ.

"ಮಾತಾಡಿ ಸರ್" ಎಂದ ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ. "ಇಲ್ಲಿ ಯಾರೂ ಹಳದಿ ಬಟ್ಟೆ ಎಸೆಯಲ್ಲ."

ಅಷ್ಟೇ ಸಾಕಾಯಿತು. ಶನಿವಾರ ಅವನು ಎಲ್ಲೆಲ್ಲಿ ಎಡವಿದ, ಆ ಎಡಗಡೆಯ ಹುಡುಗನನ್ನು ಯಾಕೆ ಮೊದಲೇ ಇಳಿಸಬೇಕಿತ್ತು, ಗಾಳಿ ಎದುರಿಗಿದ್ದಾಗ ಉದ್ದ ಎಸೆಸಿದ್ದು ಎಂಥ ದಡ್ಡತನ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಅವನು ಬಟ್ಟೆಯೊಳಗಿಂದ ಕೈ ಹೊರಗೆ ತೆಗೆದು, ನನ್ನ ಒಂದೊಂದು ದೂರಿಗೂ ಒಂದೊಂದು ಬೆರಳು ಎತ್ತುತ್ತಾ ಹೋದ. ನಾಲ್ಕು ಆದ ಮೇಲೂ ನಾನು ನಿಲ್ಲಿಸಲಿಲ್ಲ, ಅವನು ಇನ್ನೊಂದು ಕೈಯನ್ನೂ ಹೊರಗೆ ತೆಗೆದ.